ಕೈ ತೆಗೆಯುವ ಮೊದಲು

ಬೆನ್ನು ನೋಡಿ ಗುರುತು ಸಿಗಲಿಲ್ಲ. ಎಡಗೈ ನೋಡಿದಾಗ ಸಿಕ್ಕಿತು.

ವಿಮಾನ ಕಂಪನಿಯ ತರಬೇತಿ ಕೇಂದ್ರದಲ್ಲಿ ಅದು ನನ್ನ ಮೊದಲ ದಿನ. ಗೋಡೆಗೆ ಕಾಕ್‌ಪಿಟ್ಟಿನ ದೊಡ್ಡ ಕಾಗದದ ಚಿತ್ರ ಅಂಟಿಸಿ, ಅದರ ಮುಂದೆ ಎರಡು ಕುರ್ಚಿ ಹಾಕಿದ್ದರು. ಬಲಗಡೆಯ ಕುರ್ಚಿಯಲ್ಲಿ ಬಿಳಿ ಅಂಗಿಯವನೊಬ್ಬ ಬಾಗಿಲಿಗೆ ಬೆನ್ನು ಹಾಕಿ ಕೂತು, ಕಾಗದದ ಸ್ವಿಚ್ಚುಗಳನ್ನು ಬಲಗೈ ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಿದ್ದ. ಎಡಗೈ ಮಾತ್ರ ತೊಡೆಯ ಪಕ್ಕ ಇಳಿಬಿದ್ದು, ಅಲ್ಲಿಲ್ಲದ ಒಂದು ಹಿಡಿಯನ್ನು ಹಿಡಿದುಕೊಂಡಿತ್ತು.

ಹೆಲಿಕಾಪ್ಟರ್ ಹಾರಿಸಿದವರ ಎಡಗೈ ಹಾಗೆ. ನಮ್ಮ ಸೀಟಿನ ಎಡಕ್ಕೆ, ತೊಡೆಯ ಪಕ್ಕದಲ್ಲೇ ಒಂದು ಉದ್ದನೆಯ ಲಿವರ್ ಇರುತ್ತದೆ. ಮೇಲಕ್ಕೆ ಎಳೆದರೆ ಹೆಲಿಕಾಪ್ಟರ್ ಮೇಲೇಳುತ್ತದೆ, ಕೆಳಗೆ ಒತ್ತಿದರೆ ಇಳಿಯುತ್ತದೆ. ವರ್ಷಗಟ್ಟಲೆ ಅದನ್ನು ಹಿಡಿದ ಕೈ ಸಿನಿಮಾ ನೋಡುವಾಗಲೂ ಅಲ್ಲಿಗೇ ಹೋಗಿ ಕೂರುತ್ತದೆ. ನನ್ನದೂ ಹೋಗುತ್ತದೆ. ಆದರೆ ಹೆಬ್ಬೆರಳನ್ನು ಮಗುವಿನ ಹಾಗೆ ಮುಷ್ಟಿಯೊಳಗೆ ಮಡಚಿಕೊಳ್ಳುತ್ತಿದ್ದವನು ನನಗೆ ಗೊತ್ತಿದ್ದಂತೆ ಒಬ್ಬನೇ.

"ಇವರೇ ನಿಮ್ಮ ಜೋಡಿ," ಎಂದರು ನನ್ನ ಹಿಂದೆ ಬಂದ ತರಬೇತುದಾರರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. "ಇಬ್ರೂ ಸೈನ್ಯದ ಹೆಲಿಕಾಪ್ಟರಿಂದ ಬಂದೋರು. ಕೆಟ್ಟ ಅಭ್ಯಾಸಗಳೆಲ್ಲ ಒಂದೇ ಥರ ಇರ್ತವೆ, ಒಟ್ಟಿಗೇ ಬಿಡಿಸ್ಬಹುದು ಅಂತ ಜೋಡಿ ಮಾಡಿದೀನಿ."

ಅವನು ತಿರುಗಿದ. ಮುಖದ ಬಣ್ಣವೇ ಇಳಿದುಹೋಯಿತು.

"ಗುಡುಗು," ಎಂದ ಮೆಲ್ಲಗೆ.

ಅದು ತುಕಡಿಯಲ್ಲಿ ನನಗಿದ್ದ ಅಡ್ಡಹೆಸರು, ರೇಡಿಯೋದಲ್ಲಿ ನನ್ನ ದನಿ ಕೇಳಿದವರು ಇಟ್ಟದ್ದು. ಅವನ ಅಡ್ಡಹೆಸರು ಸಕ್ಕರೆ. ಅವನು ಬಾಯಿ ಬಿಟ್ಟರೆ ಸಾಕು, ಮೆಸ್ಸಿನ ಸಿಡುಕು ಅಡುಗೆಯವನೂ ಕರಗಿ ಎರಡನೇ ಸಲ ಬಡಿಸುತ್ತಿದ್ದ.

"ನಮಸ್ಕಾರ," ಎಂದೆ. "ನಿಮಗೆ ಎಡಗಡೆ ಸೀಟು ಬೇಕೋ ಬಲಗಡೆದು ಬೇಕೋ ಈಗ್ಲೇ ಹೇಳ್ಬಿಡಿ. ಆಮೇಲೆ ಸದ್ದಿಲ್ದೆ ಎದ್ದು ಹೋಗ್ಬೇಡಿ."

ನನ್ನ ಬಾಯಲ್ಲಿ 'ನೀವು' ಕೇಳಿ ಅವನು ಕಣ್ಣು ಕೆಳಗೆ ಹಾಕಿದ. ಮೇಷ್ಟ್ರು ನಮ್ಮಿಬ್ಬರನ್ನೂ ನೋಡಿದರು.

"ಪರಿಚಯ ಇದೆಯಾ?"

"ಇತ್ತು," ಎಂದೆ.

ಒಂದೇ ಹೆಲಿಕಾಪ್ಟರಿನಲ್ಲಿ ಅಕ್ಕಪಕ್ಕ ಕೂತು ಬೆಳೆದ ಪ್ರೀತಿ ನಮ್ಮದು. ಆ ಗದ್ದಲದಲ್ಲಿ ಪಿಸುಮಾತು ಆಡಲಾಗುವುದಿಲ್ಲ. ಹಾಗಾಗಿ ಅವನು ಕಣ್ಣಲ್ಲೇ ಮಾತಾಡುತ್ತಿದ್ದ. ಹೆಲ್ಮೆಟ್ಟಿನ ಗಾಜು ಅರ್ಧ ಎತ್ತಿ, ಒಂದು ಹುಬ್ಬು ಮಾತ್ರ ಕುಣಿಸಿ, ಮತ್ತೆ ಇಳಿಸಿಬಿಡುತ್ತಿದ್ದ. ನಾನು ನೋಡದವಳ ಹಾಗೆ ಕೂರುತ್ತಿದ್ದೆ. ನನ್ನ ಕಿವಿ ಕೆಂಪಾದದ್ದು ಹೆಲ್ಮೆಟ್ಟಿನೊಳಗೆ ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯ ನನಗೆ.

ಸೈನ್ಯ ಬಿಟ್ಟು ಇಬ್ಬರೂ ಒಟ್ಟಿಗೆ ವಿಮಾನ ಕಂಪನಿ ಸೇರೋಣ ಎಂದು ಮೊದಲು ಹೇಳಿದವನೂ ಅವನೇ. "ನಮ್ಮದೇ ಒಂದು ಮನೆ. ನಿನ್ನ ಬೂಟಿನ ಕೆಸರು ನೋಡಿ ನೋಡಿ ಸಾಕಾಗಿದೆ ಕಣೇ. ಒಂದ್ಸಲ ನಿನ್ನನ್ನ ಪಾಲಿಶ್ ಮಾಡಿದ ಶೂಸಲ್ಲಿ ನೋಡ್ಬೇಕು." ಇಬ್ಬರೂ ಕಮಾಂಡರ್ ಬಳಿ ಹೋಗಿ ಬಿಡುಗಡೆ ಕೇಳಿದೆವು. ಅಷ್ಟರಲ್ಲಿ ನದಿ ಉಕ್ಕಿತು, ನನ್ನನ್ನು ಪ್ರವಾಹದ ಕೆಲಸಕ್ಕೆ ಕಳಿಸಿದರು. ಮುಳುಗಿದ ಊರುಗಳ ಮನೆ ಚಾವಣಿಗಳಿಂದ ಜನರನ್ನು ಎತ್ತಿ ಎತ್ತಿ, ತಿಂಗಳಾದ ಮೇಲೆ ವಾಪಸು ಬಂದರೆ ಅವನ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು. ಬಿಡುಗಡೆ ಸಿಕ್ಕಿತು, ಹೊರಟೆ, ಕ್ಷಮಿಸು ಎಂದು ಒಂದು ಸಾಲಿನ ಮೆಸೇಜು ಬಂದಿತ್ತು. ಆಮೇಲೆ ಅವನ ಫೋನು ರಿಂಗೇ ಆಗಲಿಲ್ಲ. ನನಗೆ ಬಿಡುಗಡೆ ಸಿಕ್ಕಿದ್ದು ಒಂದು ವರ್ಷದ ಮೇಲೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹಾರಿಸುತ್ತಿರುವವರು ಸುಮ್ಮನೆ ಕೈ ತೆಗೆಯುವಂತಿಲ್ಲ. 'ಯು ಹ್ಯಾವ್ ಕಂಟ್ರೋಲ್', ಇನ್ನು ನಿನ್ನ ಕೈಯಲ್ಲಿ, ಎಂದು ಬಾಯಿಬಿಟ್ಟು ಹೇಳಬೇಕು. ಪಕ್ಕದವರು ಹಿಡಿದು 'ಐ ಹ್ಯಾವ್ ಕಂಟ್ರೋಲ್' ಎಂದ ಮೇಲೆಯೇ ಕೈ ತೆಗೆಯಬೇಕು. ಅಷ್ಟು ಹೊತ್ತು ಎರಡು ಕೈಯೂ ಒಟ್ಟಿಗೆ ಇರಲೇಬೇಕು. ಹೆಲಿಕಾಪ್ಟರಾಗಲಿ, ಪ್ರಯಾಣಿಕರ ವಿಮಾನವಾಗಲಿ, ಮೊದಲ ಪಾಠ ಅದು. ಸಕ್ಕರೆ ಅದನ್ನು ಯಾವತ್ತೂ ತಪ್ಪಿಸಿದವನಲ್ಲ. ನನ್ನ ವಿಷಯದಲ್ಲಿ ಮಾತ್ರ ತಪ್ಪಿಸಿದ.

ಮಧ್ಯಾಹ್ನ ಕಾಫಿ ಮೆಷಿನ್ ಹತ್ತಿರ ಬಂದು ನಿಂತ. ನನ್ನ ಕಾಫಿಗೆ ಸಕ್ಕರೆ ಬೇಡವೆಂದು ಅವನಿಗೆ ನೆನಪಿತ್ತು. ಗುಂಡಿ ತಾನೇ ಒತ್ತಿದ.

"ಬೈಬಾರ್ದಾ?" ಎಂದ.

"ಬೈಯೋಕೂ ಸ್ವಲ್ಪ ಸಲಿಗೆ ಇರ್ಬೇಕು."

"ವಾರದೊಳಗೆ ಹೊರಡು ಅಂದ್ಬಿಟ್ರು. ನೀನು ಪ್ರವಾಹದಲ್ಲಿದ್ದೆ. ಒಬ್ನೇ ಹೋಗ್ತಿದೀನಿ ಅಂತ ಹೇಳೋಕೆ ನಾಚಿಕೆ ಆಯ್ತು. ಪಾಸಾಗಿ, ಯೂನಿಫಾರಂ ಹಾಕ್ಕೊಂಡು ನಿನ್ನ ಮುಂದೆ ಬರೋಣ ಅಂತಿದ್ದೆ. ಪಾಸೇ ಆಗ್ಲಿಲ್ಲ."

ಅವನು ಫೇಲಾದದ್ದು ಆ ಎಡಗೈಯಿಂದ. ವಿಮಾನದಲ್ಲಿ ಬಲಗಡೆ ಸೀಟಿನವರ ಎಡಗೈ ಹಿಡಿಯುವುದು ನಡುವೆ ಇರುವ ಇಂಜಿನ್ ಲಿವರುಗಳನ್ನು. ಮುಂದಕ್ಕೆ ತಳ್ಳಿದರೆ ಶಕ್ತಿ ಹೆಚ್ಚುತ್ತದೆ, ಹಿಂದಕ್ಕೆ ಎಳೆದರೆ ಇಳಿಯುತ್ತದೆ. ಹೆಲಿಕಾಪ್ಟರಿನವನಿಗೆ ಆಪತ್ತು ಎಂದರೆ ಎಳೆಯುವುದು. ಎಲ್ಲ ಸರಿಯಿದ್ದಾಗ ಸಕ್ಕರೆ ಒಳ್ಳೆಯ ಪೈಲಟ್. ನೆಲ ಹತ್ತಿರ ಬಂದಾಗ ಗಾಳಿ ತಿರುಗಿ ವಿಮಾನ ಕುಸಿಯಿತೋ, ಅವನ ಎಡಗೈ ತಾನಾಗಿ ಎಳೆದುಬಿಡುತ್ತಿತ್ತು. ಏಳಬೇಕಾದ ವಿಮಾನವನ್ನು ತಾನೇ ನೆಲಕ್ಕೆ ಹಾಕುತ್ತಿದ್ದ. ಇದೆಲ್ಲ ನಡೆದದ್ದು ಸಿಮ್ಯುಲೇಟರ್ ಎಂಬ ನಕಲಿ ಕಾಕ್‌ಪಿಟ್ಟಿನಲ್ಲಿ, ಹಾಗಾಗಿ ಯಾರೂ ಸಾಯಲಿಲ್ಲ. ಕಂಪನಿ ಅವನಿಗೆ ಇನ್ನೊಂದೇ ಒಂದು ಅವಕಾಶ ಕೊಟ್ಟಿತ್ತು, ಅದು ನನ್ನ ಜೋಡಿಯಾಗಿ. ಪರೀಕ್ಷೆಯಲ್ಲಿ ಅವನು ಬಿದ್ದರೆ ಅವನ ದಾರಿ ಮುಗಿಯಿತು, ಬೇರೆ ಜೋಡಿ ಸಿಗುವವರೆಗೆ ನನ್ನದೂ ನಿಂತಿತು.

"ಹಾಗಾದ್ರೆ ನಿಮ್ಮ ಕೈ ನಾನು ಸರಿಮಾಡ್ಬೇಕು," ಎಂದೆ.

"ನೀವು ಅನ್ಬೇಡ ಕಣೇ. ಬೇಕಾದ್ರೆ ಕಪಾಳಕ್ಕೆ ಹೊಡಿ."

ಹೊಡೆಯಲಿಲ್ಲ. ನಗು ಬಂತು, ನುಂಗಿಕೊಂಡೆ. ಅವನು ನೋಡಿಬಿಟ್ಟ. ಅವನ ಹುಬ್ಬು ಒಂದು ಸಲ ಕುಣಿಯಿತು.

ಸಿಮ್ಯುಲೇಟರ್ ನಮ್ಮಿಬ್ಬರಿಗೂ ಬುದ್ಧಿ ಕಲಿಸಿತು. ಇಳಿಯುವಾಗ ನಾನು ನೆಲಕ್ಕೆ ಇನ್ನೂ ಎಷ್ಟೋ ದೂರವಿರುವಾಗಲೇ ವಿಮಾನದ ಮೂತಿ ಎತ್ತುತ್ತಿದ್ದೆ. "ಅಮ್ಮಾ, ಇದು ಗಾಳೀಲಿ ನಿಲ್ಲಲ್ಲ," ಎನ್ನುತ್ತಿದ್ದರು ಮೇಷ್ಟ್ರು ಹಿಂದಿನಿಂದ. "ನಿಲ್ಸಿ, ಕೆಳಗೆ ಯಾರಿದಾರೆ ಅಂತ ಬಗ್ಗಿ ನೋಡಿ, ಆಮೇಲೆ ಇಳಿಸೋಕೆ ಇದೇನು ನಿಮ್ಮ ಹಳೇ ಗಾಡಿ ಅಂದ್ಕೊಂಡ್ರಾ?" ಸಕ್ಕರೆ ತುಟಿ ಕಚ್ಚಿ ನಗು ತಡೆಯುತ್ತಿದ್ದ. ಅವನ ಸರದಿ ಬಂದಾಗ ನಾನು ಎಡಗಡೆ ಸೀಟಿನಲ್ಲಿ ಕೂರುತ್ತಿದ್ದೆ. ಗಾಳಿ ತಿರುಗುತ್ತಿತ್ತು, ಅವನು ಎಳೆಯುತ್ತಿದ್ದ, ನೆಲ ಎದ್ದು ಬರುತ್ತಿತ್ತು, ಪರದೆ ಕೆಂಪಾಗುತ್ತಿತ್ತು.

ಉಪಾಯ ಹುಡುಕಿದ್ದು ನಾನು. ಅವನ ಎಡಗೈ, ನನ್ನ ಬಲಗೈ, ಎರಡೂ ನಡುವಿನಲ್ಲಿ ಸಿಗುತ್ತವಲ್ಲ. ಲಿವರುಗಳ ಹಿಂದೆ ನನ್ನ ಅಂಗೈ ಅಡ್ಡ ಇಟ್ಟೆ. ಅವನು ಎಳೆದರೆ ನನ್ನ ಕೈಗೆ ತಗಲುತ್ತಿತ್ತು. ತಗಲಿದ ಕೂಡಲೇ ಎಚ್ಚರವಾಗಿ ಮುಂದಕ್ಕೆ ತಳ್ಳುತ್ತಿದ್ದ. ಮೇಷ್ಟ್ರು ಇದನ್ನು ನೋಡಿ ಒಮ್ಮೆ ಕೆಮ್ಮಿದರು.

"ಕಲಿಯೋವರೆಗೆ ಸರಿ. ಪರೀಕ್ಷೆ ದಿನಾನೂ ಇದೇ ಊರುಗೋಲು ಹಿಡ್ಕೊಂಡು ಬಂದ್ರೆ ಆಮೇಲೆ ಪ್ರಯಾಣಿಕರ ಗತಿ ಏನು?"

"ಅಷ್ಟ್ರಲ್ಲಿ ಬಿಡಿಸ್ತೀನಿ, ಮೇಷ್ಟ್ರೇ," ಎಂದೆ. ಆದರೆ ಬಿಡಿಸಲಿಲ್ಲ. ಆ ಕೈ ತಗಲುವುದು ನನಗೂ ಬೇಕಾಗಿತ್ತು.

ನಾನಿದ್ದದ್ದು ಅಕ್ಕ ಭಾವನ ಮನೆಯಲ್ಲಿ. ಅಕ್ಕನದು ಕನ್ನಡಕದ ಅಂಗಡಿ. ಯಾರೇ ಬಂದರೂ ಮೊದಲು ಕಣ್ಣು ನೋಡುತ್ತಾಳೆ. ಊಟದ ಕೋಣೆಯ ಗೋಡೆಗೆ ನನ್ನ ಕಾಗದದ ಕಾಕ್‌ಪಿಟ್ ಅಂಟಿಸಿದ್ದೆ. ಎರಡು ದಪ್ಪ ಪುಸ್ತಕಗಳ ನಡುವೆ ಅಕ್ಕನ ಸೌಟು ಸಿಕ್ಕಿಸಿದರೆ ಅದೇ ಲಿವರ್. ಅಭ್ಯಾಸಕ್ಕೆಂದು ಸಕ್ಕರೆ ಮೊದಲ ಸಲ ಬಂದಾಗ ಅಕ್ಕ ಬಾಗಿಲಲ್ಲೇ ನಿಲ್ಲಿಸಿದಳು.

"ನೀನೇನಾ ನನ್ನ ತಂಗಿ ಕೈಗೆ ಚಿಪ್ಪು ಕೊಟ್ಟು ಹೋದೋನು?"

"ಹೌದಕ್ಕ."

"ಒಳಗ್ಬಾ. ಚಪ್ಪಲಿ ಅಲ್ಲೇ ಇರ್ಲಿ. ಓಡಿಹೋಗೋದಾದ್ರೆ ಕೈಗೆ ಸುಲಭವಾಗಿ ಸಿಗುತ್ತೆ."

ಅಂಥ ಅಕ್ಕನೂ ಎರಡು ವಾರದಲ್ಲಿ ಕರಗಿದಳು. ಅವನು ಅವಳ ಮಿಕ್ಸಿ ರಿಪೇರಿ ಮಾಡಿಕೊಟ್ಟ, ಭಾವನ ಹಳೇ ಜೋಕಿಗೆ ಹೊಸದೆಂಬಂತೆ ನಕ್ಕ. "ಗಾಳಿ ತಿರುಗಿತು!" ಎಂದು ನಾನು ಕೂಗಿದರೆ ಸೌಟು ಹಿಡಿದವನು ಎಳೆಯುತ್ತಿದ್ದ, ನನ್ನ ಅಂಗೈ ತಗಲುತ್ತಿತ್ತು, ತಳ್ಳುತ್ತಿದ್ದ. ತಳ್ಳಿದ ಮೇಲೂ ಬೆರಳು ತೆಗೆಯುತ್ತಿರಲಿಲ್ಲ. ಒಂದು ಸಂಜೆ ಹಾಗೇ ಕೂತುಬಿಟ್ಟೆವು, ಅವನ ಹೆಬ್ಬೆರಳು ಈಗ ನನ್ನ ಮುಷ್ಟಿಯೊಳಗೆ.

"ವಿಮಾನ ಎಷ್ಟು ಎತ್ತರಕ್ಕೆ ಬಂತು?" ಎಂದ.

"ಇನ್ನೂ ಗೋಡೆ ಮೇಲೇ ಇದೆ."

"ಪರೀಕ್ಷೆ ಮುಗೀಲಿ. ನಿಮ್ಮಕ್ಕನ ಹತ್ರ ಒಂದು ಮಾತು ಕೇಳೋದಿದೆ."

"ಏನ್ ಮಾತು?"

"ಈ ಸೌಟು ನಮ್ಮನೆಗೆ ಕೊಡ್ತೀರಾ ಅಂತ."

"ಸೌಟು ಕೊಡಿ ಮೊದ್ಲು, ಒಲೆ ಮೇಲೆ ಪಾತ್ರೆ ಇದೆ," ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು. ನನಗೆ ಆ ಹೊತ್ತಿಗೆ ಇಡೀ ಲೋಕದ ಮೇಲೆ ಪ್ರೀತಿ ಬಂದಿತ್ತು. ಅವನು ಬಿಟ್ಟುಹೋದ ವರ್ಷವನ್ನು ನಾನು ಮನಸ್ಸಿನಲ್ಲೇ ಮಡಚಿ ಮೂಲೆಗಿಟ್ಟಾಗಿತ್ತು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ನಾನು ಪ್ರವಾಹದಿಂದ ವಾಪಸು ಬರುವಷ್ಟರಲ್ಲಿ ಬೇರೆ ಕಡೆಗೆ ವರ್ಗವಾಗಿದ್ದ ಹಳೆಯ ಕಮಾಂಡರ್ ಫೋನ್ ಮಾಡಿದರು. ಒಳ್ಳೆಯದಾಗಲಿ ಎಂದು ಹಾರೈಸಲು. ನಾನು ಗೋಡೆಯ ಮುಂದೆ ಕೂತು ಶರ್ಟಿಗೆ ಇಸ್ತ್ರಿ ಹಾಕಲೆಂದು ನೀರು ಚಿಮುಕಿಸುತ್ತಿದ್ದೆ.

"ಕೊನೆಗೂ ಮನಸ್ಸು ಮಾಡಿದೆಯಲ್ಲಮ್ಮ, ಸಂತೋಷ," ಎಂದರು. "ಹೋದ ವರ್ಷವೇ ಹೋಗ್ಬಹುದಿತ್ತು ನೀನು."

"ಹೋದ ವರ್ಷ ನನ್ನ ಬಿಡ್ಲಿಲ್ವಲ್ಲ, ಸರ್."

"ಬಿಡ್ಲಿಲ್ಲ ಅಂತ ಯಾರಂದ್ರು? ಒಬ್ರನ್ನ ಬಿಡಬಹುದು ಅಂತ ಮೇಲಿಂದ ಆದೇಶ ಬಂತು. ಹಿರಿಯಳು ನೀನು, ಸರದಿ ನಿಂದೇ. ಅದೇ ದಿನ ಉತ್ತರ ಕೊಡಬೇಕಿತ್ತು, ನೀನು ಪ್ರವಾಹದಲ್ಲಿ ಫೋನಿಗೆ ಸಿಗ್ಲಿಲ್ಲ. ಅವನನ್ನ ಕರೆದು ಕೇಳಿದೆ. ಅವಳಿಗೀಗ ಮನಸ್ಸಿಲ್ಲ ಸರ್, ಇಲ್ಲೇ ಇರ್ತಾಳಂತೆ ಅಂದ. ನೀವಿಬ್ರೂ ಬೇರೆ ಅಂತ ನಾನು ಯಾವತ್ತಾದ್ರೂ ನೋಡಿದ್ನಾ? ಅವನ ಮಾತೇ ನಿನ್ನ ಮಾತು ಅಂದ್ಕೊಂಡೆ."

ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ಒದ್ದೆ ಶರ್ಟನ್ನು ಹಿಡಿದುಕೊಂಡೇ ಕೂತಿದ್ದೆ. ಹೇಳದೆ ಹೋದ ಎಂಬ ನೋವನ್ನು ಒಂದು ವರ್ಷ ಸಾಕಿದ್ದೆ. ಅದು ಏನೂ ಅಲ್ಲ. ಅವನು ನನ್ನ ಹೆಸರಿನಲ್ಲಿ ಮಾತಾಡಿ, ನನ್ನದನ್ನು ತೆಗೆದುಕೊಂಡು ಹೋಗಿದ್ದ. ಮತ್ತೆ ಸಿಕ್ಕಾಗ ನಾಚಿಕೆ ಆಯಿತು ಎಂದು ಸುಳ್ಳು ಹೇಳಿ, ನನ್ನ ಅಕ್ಕನ ಮನೆಯ ಮೇಜಿನ ಮುಂದೆ ಕೂತು ನನ್ನ ಕೈ ಹಿಡಿದಿದ್ದ. ನಾನು ನಂಬಿದ್ದೆ. ನಂಬಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು.

ಅಕ್ಕ ಅಂಗಡಿಯಿಂದ ಬಂದವಳು ನನ್ನ ಕಣ್ಣು ನೋಡಿದಳು. ಎಲ್ಲವನ್ನೂ ನಾನೇ ಹೇಳಿದೆ.

"ನಾಳೆ ನಿನ್ನ ಕೈ ಇಡ್ಬೇಡ. ಬೀಳ್ಲಿ," ಎಂದಳು.

"ಅದೇ ಅಂದ್ಕೊಂಡಿದೀನಿ."

"ಹೇಳ್ಬೇಡ ಅವನಿಗೆ. ಅವನು ಹೇಳಿದ್ನಾ ನಿನಗೆ?"

ಅಕ್ಕನ ಮಾತು ಸಿಹಿಯಾಗಿತ್ತು. ಸುಳ್ಳು ಯಾಕೆ, ಅವಳು ಒಳಗೆ ಹೋದ ಮೇಲೂ ನಾನು ಅದನ್ನೇ ಚಪ್ಪರಿಸುತ್ತಾ ಕೂತಿದ್ದೆ. ಪರದೆ ಕೆಂಪಾಗುವುದು, ಅವನ ಕೈ ನನ್ನ ಕೈಯನ್ನು ಹುಡುಕುವುದು, ಅಲ್ಲಿ ಏನೂ ಇಲ್ಲದಿರುವುದು. ಅವನು ನನ್ನನ್ನು ಬಿಟ್ಟ ಹಾಗೆಯೇ ನಾನು ಅವನನ್ನು ಬಿಡುವುದು. ತಕ್ಕಡಿ ಸರಿಹೋಗುತ್ತಿತ್ತು.

ಬೆಳಿಗ್ಗೆ ಕೇಂದ್ರದ ಬಾಗಿಲಲ್ಲಿ ಅವನು ಎರಡು ಕಾಫಿ ಹಿಡಿದು ಕಾಯುತ್ತಿದ್ದ. ನನ್ನ ಶೂಸ್ ನೋಡಿ ಕಣ್ಣರಳಿಸಿದ.

"ಅಬ್ಬಾ, ಪಾಲಿಶ್."

"ಇವತ್ತು ಲಿವರ್ ಹಿಂದೆ ನನ್ನ ಕೈ ಇರಲ್ಲ," ಎಂದೆ.

ಅವನು ತಮಾಷೆ ಎಂದುಕೊಂಡ. ಆಮೇಲೆ ನನ್ನ ಮುಖ ನೋಡಿದ.

"ಯಾಕೆ?"

"ನಿನ್ನೆ ಕಮಾಂಡರ್ ಫೋನ್ ಮಾಡಿದ್ರು. ಸರದಿ ನಂದು ಅಂತ ನಿನಗೆ ಗೊತ್ತಿತ್ತಾ?"

ಕಾಫಿ ಲೋಟದ ಮುಚ್ಚಳವನ್ನು ಒತ್ತಿದ, ಮತ್ತೆ ಒತ್ತಿದ. ಸುಳ್ಳು ಹುಡುಕುತ್ತಿದ್ದಾನೆ ಎಂದು ಕಾದೆ. ಸಿಗಲಿಲ್ಲವೋ, ಬೇಡವೆನಿಸಿತೋ.

"ಗೊತ್ತಿತ್ತು," ಎಂದ.

"ಸರಿ."

"ಇದನ್ನ ಪರೀಕ್ಷೆ ಆದ್ಮೇಲೆ ಹೇಳ್ಬಹುದಿತ್ತು. ಈಗ ನಾನು ಹೇಗೆ ಹಾರಿಸ್ಲಿ?"

"ಕೈ ತೆಗೆಯೋರು ಮೊದ್ಲೇ ಹೇಳ್ಬೇಕು," ಎಂದೆ. "ಅದಕ್ಕೆ ಹೇಳ್ದೆ. ಎಳೀಬೇಡ, ತಳ್ಳು. ನನ್ನಿಂದ ಇಷ್ಟೇ."

ಅವನು ಕೊಟ್ಟ ಕಾಫಿಯನ್ನು ನಾನು ಕುಡಿಯಲಿಲ್ಲ. ಬಿಸಾಡಲೂ ಇಲ್ಲ, ಕಿಟಕಿಯ ಕಟ್ಟೆಯ ಮೇಲಿಟ್ಟು ಮೆಟ್ಟಿಲು ಹತ್ತಿದೆ.

ನನ್ನ ಪರೀಕ್ಷೆ ಮೊದಲು ನಡೆಯಿತು. ಸಿಟ್ಟು ಬಂದಾಗ ನಾನು ಚೆನ್ನಾಗಿ ಹಾರಿಸುತ್ತೇನೆ. ಆ ದಿನ ವಿಮಾನವನ್ನು ಗಾಳಿಯಲ್ಲಿ ನಿಲ್ಲಿಸಲು ಹೋಗಲಿಲ್ಲ, ಸರಿಯಾಗಿ ನೆಲಕ್ಕೇ ಇಳಿಸಿದೆ. ಆಮೇಲೆ ಅವನ ಸರದಿ. ನಾನು ಎಡಗಡೆ ಸೀಟಿನಲ್ಲಿ. "ಯು ಹ್ಯಾವ್ ಕಂಟ್ರೋಲ್," ಎಂದೆ. "ಐ ಹ್ಯಾವ್ ಕಂಟ್ರೋಲ್," ಎಂದ.

ನನ್ನ ಬಲಗೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡೆ. ಅವನು ಒಮ್ಮೆ ಅದನ್ನು ನೋಡಿದ. ಬೇಡುವ ನೋಟವಲ್ಲ ಅದು, ಎಲ್ಲಿದೆ ಎಂದು ತಿಳಿದುಕೊಳ್ಳುವ ನೋಟ. ಆಮೇಲೆ ಮುಂದಕ್ಕೆ ತಿರುಗಿದ.

ಓಡುದಾರಿ ದೊಡ್ಡದಾಗುತ್ತಾ ಬಂತು. ಹಿಂದೆ ಮೇಷ್ಟ್ರು ಒಂದು ಗುಂಡಿ ಒತ್ತಿದ ಸಣ್ಣ ಸದ್ದು. ವಿಮಾನ ಕಾಲ ಕೆಳಗಿನಿಂದ ಜಾರಿತು. ಕಾಕ್‌ಪಿಟ್ಟಿನ ದನಿ 'ವಿಂಡ್‌ಶಿಯರ್' ಎಂದು ಕೂಗಿತು. ಗಾಳಿ ತಿರುಗಿತ್ತು.

ಅವನ ಎಡಗೈ ಗಟ್ಟಿಯಾಯಿತು. ಲಿವರ್ ಹಿಂದಕ್ಕೆ ಒಂದು ಕೂದಲೆಳೆಯಷ್ಟು ಅಲುಗಿತು. ನನ್ನ ಕೈ ಮೊಣಕಾಲಿನಿಂದ ಎದ್ದುಬಿಟ್ಟಿತ್ತು. ನಾನು ಎತ್ತಿದ್ದಲ್ಲ, ತಾನಾಗಿ ಎದ್ದದ್ದು. ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೆಳಗೆ ಒತ್ತಿದೆ. ತಳ್ಳು, ತಳ್ಳು ಎಂದು ನನ್ನೊಳಗೆ ಯಾರೋ ಅಳುತ್ತಿದ್ದರು. ಹಿಂದಿನ ದಿನ ಎಷ್ಟೇ ಚಪ್ಪರಿಸಿದ್ದರೂ, ಅವನು ನಿಜವಾಗಿ ಬೀಳಲಿ ಎಂದು ನಾನು ಒಂದು ಕ್ಷಣಕ್ಕೂ ಬಯಸಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗ.

ಅವನ ಹೆಬ್ಬೆರಳು ಮುಷ್ಟಿಯಿಂದ ಹೊರಗೆ ಬಂತು. ಅಂಗೈ ಬಿಚ್ಚಿ, ಲಿವರುಗಳ ಹಿಂದೆ ತನ್ನದೇ ಕೈಯನ್ನು ಇಟ್ಟು, ಪೂರ್ತಿ ಮುಂದಕ್ಕೆ ತಳ್ಳಿದ. ಇಂಜಿನ್ನುಗಳು ಗರ್ಜಿಸಿದವು. ನೆಲ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಕೆಳಗೆ ಹೋಯಿತು.

"ಹ್ಞೂಂ," ಎಂದರು ಮೇಷ್ಟ್ರು. "ಊರುಗೋಲು ಬಿಟ್ರಲ್ಲ ಕೊನೆಗೂ."

ಇಬ್ಬರೂ ಪಾಸು. ಮೇಷ್ಟ್ರು ಕೈಕುಲುಕಿದರು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಹಿಂದಿನ ಬಾಗಿಲಲ್ಲಿ, ಸೈಕಲ್ಲುಗಳನ್ನು ನಿಲ್ಲಿಸುವ ಕಡೆ, ಅವನು ನಿಂತಿದ್ದ. ಟೈ ಸಡಿಲ ಮಾಡಿಕೊಂಡಿದ್ದ, ಕಣ್ಣು ಕೆಂಪಾಗಿತ್ತು.

"ನೀನು ಮೊದ್ಲೇ ಹೇಳದೇ ಇದ್ದಿದ್ರೆ ಬಿದ್ದುಬಿಡ್ತಿದ್ದೆ," ಎಂದ.

"ಗೊತ್ತು."

"ಆಗಲೂ ನಿನ್ನ ಪ್ರೀತಿಸ್ತಿದ್ದೆ ಕಣೇ. ಅದು ಸುಳ್ಳಲ್ಲ. ಈಗ್ಲೂ ಅಷ್ಟೇ. ನೀನಿಲ್ದೆ ಇದೆಲ್ಲ ಇಟ್ಕೊಂಡು ಏನ್ ಮಾಡ್ಲಿ?"

"ಒಂದು ಮಾತು ಕೇಳಿದ್ರೆ ಕೊಟ್ಬಿಡ್ತಿದ್ನಲ್ಲೋ. ನೀನ್ ಹೋಗು, ನಾನು ಹಿಂದೆ ಬರ್ತೀನಿ ಅಂತ ನಗ್ತಾ ಕಳಿಸ್ತಿದ್ದೆ."

"ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ. ಕೇಳಿ ತಗೊಂಡಿದ್ರೆ ಜೀವನಪೂರ್ತಿ ನಿನ್ನ ಮುಂದೆ ತಲೆ ತಗ್ಗಿಸ್ಬೇಕಾಗತ್ತೆ ಅನ್ನಿಸ್ತು."

"ಕದ್ದು ತಗೊಂಡು ತಲೆ ಎತ್ಕೊಂಡಿದ್ಯಾ?"

ಅವನ ಮೇಲೆ ನನಗೆ ಇನ್ನೂ ಪ್ರೀತಿಯಿತ್ತು. ಅದು ಹೋಗಿದ್ದರೆ ಆ ದಿನ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಇನ್ನು ಮುಂದೆ ಅವನು ನನ್ನ ಹೆಸರಿನಲ್ಲಿ ಎಲ್ಲೋ ಏನೋ ಹೇಳಿರಬಹುದು ಎಂದು ಪ್ರತಿ ಫೋನಿಗೂ ಬೆಚ್ಚುವ ಸಂಸಾರ ನನಗೆ ಬೇಕಿರಲಿಲ್ಲ.

ಅವನ ಎಡಗೈ ಎತ್ತಿಕೊಂಡೆ. ಬಿಸಿಯಾಗಿತ್ತು. ಎರಡೂ ಕೈಯಿಂದ ಹಿಡಿದೆ.

"ಯು ಹ್ಯಾವ್ ಕಂಟ್ರೋಲ್," ಎಂದೆ.

ಅವನಿಗೆ ಅರ್ಥವಾಯಿತು. ತಲೆ ಅಲ್ಲಾಡಿಸಿದ.

"ಬೇಡ ಕಣೇ."

"ಹೇಳು. ನೀನು ಹೇಳೋವರೆಗೂ ನಾನು ಕೈ ತೆಗೆಯಲ್ಲ."

"ಹೇಳ್ದೇ ಇದ್ರೆ?" ಹಳೆಯ ಸಕ್ಕರೆಯ ದನಿ, ಒಂದು ಹುಬ್ಬು ಮೇಲೆ ಹೋಗಿತ್ತು. ಅದರ ಕೆಳಗೆ ಕಣ್ಣು ತುಂಬಿತ್ತು.

"ಹೇಳ್ದೇ ಇದ್ರೆ ಇಲ್ಲೇ ನಿಂತಿರ್ತೀವಿ. ಅಕ್ಕ ಹುಡುಕ್ಕೊಂಡು ಬರ್ತಾಳೆ. ಕೈಯಲ್ಲಿ ಸೌಟು ಇರತ್ತೆ."

ಇಬ್ಬರಿಗೂ ನಗು ಬಂತು. ನಗುತ್ತಲೇ ಅವನು ಮುಖ ಒರೆಸಿಕೊಂಡ. ಯಾರೋ ಸೈಕಲ್ ತೆಗೆದುಕೊಂಡು ನಮ್ಮನ್ನು ಸುತ್ತಿ ಹೋದರು. ಅವನು ಇನ್ನೂ ಹೇಳಿರಲಿಲ್ಲ. ನಾನು ಅವಸರ ಮಾಡಲಿಲ್ಲ, ನನಗೂ ಆ ಕೈ ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

"ಐ ಹ್ಯಾವ್ ಕಂಟ್ರೋಲ್," ಎಂದ ಕೊನೆಗೆ.

ನಾನು ಕೈ ತೆಗೆದೆ. ಬ್ಯಾಗ್ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ.